ಬೆಲೆಚೀಟಿ ಕೀಳುವ ಜಾಗ ಬೋಟು ಅಲ್ಲ

ಹೊಸದಾಗಿ ಸ್ಕೂಬಾ ಸಾಮಾನು ಕೊಂಡು, ಈ ಸೀಸನ್ನಿಗೆ ನೇತ್ರಾಣಿಗೋ ಅಂಡಮಾನಿಗೋ ಹೊರಟು ನಿಂತಿರುವ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಡೈವರ್ ಗೆಳೆಯರಿಗೆ,



ಮಳೆಗಾಲ ಮುಗಿದು ಮುರುಡೇಶ್ವರದ ಡೈವಿಂಗ್ ಬೋಟುಗಳು ಮತ್ತೆ ಹೊರಡುವ ಹೊತ್ತಿಗೆ ನಿಮ್ಮಲ್ಲಿ ಹಲವರ ಮನೆಗೆ ದೊಡ್ಡ ರಟ್ಟಿನ ಡಬ್ಬಿಗಳು ಬಂದಿರುತ್ತವೆ. ಕೋರ್ಸು ಮುಗಿದು ಕಾರ್ಡು ಕೈಗೆ ಬಂದಾಗಿದೆ. ನಾಲ್ಕು ಡೈವ್ ಆದ ಮೇಲೆ ಬಾಡಿಗೆಯ ಮಾಸ್ಕು, ಇನ್ಯಾರೋ ಕಚ್ಚಿ ಸವೆಸಿದ ಮೌತ್‌ಪೀಸು ಸಾಕಪ್ಪಾ ಅನಿಸುವುದು ಸಹಜ. ಸ್ವಂತದ್ದೊಂದು ಸೆಟ್ ಇರಲಿ ಎಂಬ ಆಸೆಗೆ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಆ ಡಬ್ಬಿಯನ್ನು ಎಲ್ಲಿ ಬಿಚ್ಚುತ್ತೀರಿ ಎಂಬುದರ ಬಗ್ಗೆ. ನಿಮ್ಮಲ್ಲಿ ಬಹಳ ಮಂದಿ ಅದನ್ನು ಬಿಚ್ಚುವುದು ಬೋಟಿನ ಮೇಲೆ.

ಡೈವ್ ಗುಂಪುಗಳ ಬೆನ್ನಿಗೆ ಕೊನೆಯವನಾಗಿ ಈಜುವುದು ನನ್ನ ಕೆಲಸ. ಹಿಂದಿನಿಂದ ನೋಡುವವನಿಗೆ ಯಾರ ಗೇರು ಎಷ್ಟು ಹೊಸದು ಎಂಬುದು ಬೇಗ ಗೊತ್ತಾಗುತ್ತದೆ. ಒಮ್ಮೆ ಹೀಗಾಯಿತು. ಬೋಟು ನೇತ್ರಾಣಿ ದ್ವೀಪದ ಮರೆಯಲ್ಲಿ ಲಂಗರು ಹಾಕಿತ್ತು. ನಮ್ಮ ಗುಂಪಿನ ಹುಡುಗನೊಬ್ಬನ ಬಿಸಿಡಿಯ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್ಟಿನ, ಹೆಗಲಪಟ್ಟಿಯಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಬೋಟಿನ ಕೆಲಸದವನು "ಅಣ್ಣಾ, ಇದನ್ನ ಕತ್ತರಿಸ್ಲಾ?" ಎಂದು ಕೇಳಿ, ತನ್ನ ಚೂರಿಯಿಂದಲೇ ಕತ್ತರಿಸಿ ಕೊಟ್ಟ. ಎಲ್ಲರೂ ನಕ್ಕೆವು. ನೀರಿನೊಳಗೆ ಏಳೆಂಟು ಮೀಟರು ಇಳಿದಿದ್ದೇವೋ ಇಲ್ಲವೋ, ಹುಡುಗ ಮೆಲ್ಲಗೆ ಮೇಲೇರತೊಡಗಿದ. ಗಾಳಿ ಬಿಡಬೇಕೆಂದು ಎಡಗೈಯಲ್ಲಿ ಇನ್‌ಫ್ಲೇಟರಿನ ಗುಂಡಿ ಒತ್ತಿದ. ಅದು ಗಾಳಿ ತುಂಬುವ ಗುಂಡಿ. ಅವನು ಅಭ್ಯಾಸ ಮಾಡಿದ ಬಾಡಿಗೆ ಜಾಕೆಟ್ಟಿನಲ್ಲಿ ಆ ಜಾಗದಲ್ಲಿ ಇದ್ದದ್ದು ಗಾಳಿ ಬಿಡುವ ಗುಂಡಿ. ಇನ್ನಷ್ಟು ಮೇಲೇರಿದ, ಗಾಬರಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಒತ್ತಿದ. ಮುಂದಿದ್ದ ಡೈವ್‌ಮಾಸ್ಟರ್ ತಿರುಗಿ ಬಂದು ಅವನ ಫಿನ್ ಹಿಡಿದು, ಇನ್‌ಫ್ಲೇಟರಿಗೆ ಗಾಳಿ ತರುವ ಹೋಸನ್ನು ಕಿತ್ತು, ಹೆಗಲ ಮೇಲಿನ ಡಂಪ್ ವಾಲ್ವಿನ ದಾರ ಎಳೆದರು. ಉಸಿರು ಬಿಗಿಹಿಡಿಯಬಾರದು ಎಂಬ ಒಂದು ಪಾಠ ಮಾತ್ರ ಹುಡುಗನಿಗೆ ಮರೆತಿರಲಿಲ್ಲವಾದ್ದರಿಂದ ಅಪಾಯವೇನೂ ಆಗಲಿಲ್ಲ. ಆದರೆ ಗುಂಪು ಪೂರ್ತಿ ಮೇಲೆ ಬರಬೇಕಾಯಿತು. ಅದರಲ್ಲಿ ಇಬ್ಬರು ಡೈವಿಗೆಂದೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಿಂದ ಬಂದವರು.

ಆ ಬಿಸಿಡಿಯಲ್ಲಿ ಒಂದೇ ಒಂದು ದೋಷ ಇರಲಿಲ್ಲ. ನಾನು ಈ ಪತ್ರ ಬರೆಯಲು ಕಾರಣ ಅದೇ. ಹೊಸ ಗೇರು ಪರೀಕ್ಷೆ ಮಾಡಿ ಎಂದರೆ ನೀವು "ಕಂಪನಿಯವರು ಟೆಸ್ಟ್ ಮಾಡಿಯೇ ಕಳಿಸಿರುತ್ತಾರಲ್ಲ" ಎನ್ನುತ್ತೀರಿ. ಮಾಡಿರುತ್ತಾರೆ. ಅವರು ನೋಡಿದ್ದು ವಾಲ್ವು ತೆರೆದುಕೊಳ್ಳುತ್ತದೆಯೇ, ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನು. ನಿಮ್ಮ ಎಡಗೈ ಹೆಬ್ಬೆರಳಿಗೆ ಆ ಗುಂಡಿಯ ಪರಿಚಯ ಆಗಿದೆಯೇ ಎಂದು ಯಾವ ಕಾರ್ಖಾನೆಯೂ ನೋಡಲಾರದು. ಅದನ್ನು ನೋಡಬೇಕಾದವರು ನೀವು, ನೋಡಬೇಕಾದ ಜಾಗ ಈಜುಕೊಳ.

ಪೂಲು ಎಂದರೆ ನಿಮಗೆ ಕೊಂಚ ಅವಮಾನ ಎಂಬುದು ನನಗೆ ಗೊತ್ತು. ಕಾರ್ಡು ಪಡೆದವರು ಮತ್ತೆ ಮಕ್ಕಳ ಪಕ್ಕದಲ್ಲಿ ನಿಲ್ಲುವುದೇ ಎಂಬ ಭಾವ. ಹಾಗಾದರೆ ಈ ಸಲಕರಣೆಯನ್ನು ಹುಟ್ಟುಹಾಕಿದವರ ಕಥೆ ಕೇಳಿ. 1943ರ ಜನವರಿಯಲ್ಲಿ ಝಾಕ್ ಕುಸ್ತೋ ಅವರು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ತಯಾರಿಸಿಕೊಟ್ಟ ರೆಗ್ಯುಲೇಟರನ್ನು ತೊಟ್ಟು ಮೊದಲು ಇಳಿದದ್ದು ಸಮುದ್ರಕ್ಕಲ್ಲ, ಪ್ಯಾರಿಸ್ಸಿನ ಹತ್ತಿರದ ಮಾರ್ನ್ ನದಿಗೆ. ಅಡ್ಡ ಮಲಗಿ ಈಜಿದಾಗ ಚೆನ್ನಾಗಿ ಉಸಿರು ಬಂತು. ನೇರ ನಿಂತರೆ ಗಾಳಿ ಸುಮ್ಮನೆ ಸೋರಿ ಹೋಗುತ್ತಿತ್ತು, ತಲೆಕೆಳಗಾದರೆ ಎಳೆದರೂ ಬರುತ್ತಿರಲಿಲ್ಲ. ಆಮೇಲೆ ಹೊಳೆದ ಕಾರಣ ಇದು: ಗಾಳಿ ಹೊರಹೋಗುವ ಬಾಯಿ, ಒಳಬರುವ ಜಾಗದಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿತ್ತು. ಒಂದು ಗೇಣಿಗಿಂತ ಕಡಿಮೆ ನೀರಿನ ಒತ್ತಡ ಇಡೀ ಯಂತ್ರವನ್ನು ಕೆಡಿಸಿತ್ತು. ಎರಡನ್ನೂ ಒಂದೇ ಜಾಗಕ್ಕೆ ತಂದು, ಪ್ಯಾರಿಸ್ಸಿನಲ್ಲೇ ನೀರಿನ ತೊಟ್ಟಿಯೊಂದರಲ್ಲಿ ಮತ್ತೆ ಪರೀಕ್ಷಿಸಿದರು. ಕುಸ್ತೋ ಕಡಲಿಗೆ ಇಳಿದದ್ದು ಆ ವರ್ಷದ ಜೂನಿನಲ್ಲಿ. ತೊಟ್ಟಿಗೆ ಇಳಿಯಲು ಅವರಿಗೆ ನಾಚಿಕೆಯಾಗಲಿಲ್ಲ.

ಪೂಲಿಗೆ ಹೋಗುವ ಮೊದಲು ಮನೆಯಲ್ಲೇ ಮುಗಿಯುವ ಕೆಲಸ ಒಂದಷ್ಟಿದೆ. ಮಾಸ್ಕಿನಿಂದ ಶುರುಮಾಡಿ. ಅಚ್ಚಿನಿಂದ ಬಂದ ಹೊಸ ಮಾಸ್ಕಿನ ಗಾಜಿಗೆ ಸಿಲಿಕೋನಿನ ತೆಳು ಪೊರೆ ಅಂಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರಿಗಿಳಿದ ಎರಡೇ ನಿಮಿಷಕ್ಕೆ ಗಾಜು ಮಂಜು ಹಿಡಿಯುತ್ತದೆ. ಎಷ್ಟು ಉಗುಳು ಹಚ್ಚಿದರೂ ಉಪಯೋಗವಿಲ್ಲ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಗಾಜಿನ ಒಳಮೈಯನ್ನು ಬೆರಳಿನಿಂದ ಚೆನ್ನಾಗಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ. ಒಂದು ಸಲಕ್ಕೆ ಹೋಗುವುದಿಲ್ಲ. ಗಾಜಿಗೆ ಮೊದಲೇ ಏನಾದರೂ ಲೇಪನ ಇದ್ದರೆ ಮಾತ್ರ ತಿಕ್ಕಬೇಡಿ, ಕಂಪನಿಯ ಚೀಟಿ ಓದಿ. ಆಮೇಲೆ ಪಟ್ಟಿ ಹಾಕದೆ ಮುಖಕ್ಕೆ ಒತ್ತಿಕೊಂಡು ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ನಿಲ್ಲಬೇಕು. ಮೀಸೆ ಇರುವವರಿಗೆ ಇಲ್ಲೇ ತೊಂದರೆ. ಮೂಗಿನ ಕೆಳಗೆ ಸಿಲಿಕೋನಿನ ಅಂಚು ಚರ್ಮಕ್ಕೆ ತಾಗದೆ ಕೂದಲ ಮೇಲೆ ಕೂರುತ್ತದೆ, ನೀರು ಒಸರುತ್ತದೆ. ಮೀಸೆ ಬೋಳಿಸಿ ಎಂದು ಕನ್ನಡದ ಗಂಡಸರಿಗೆ ಹೇಳುವ ಧೈರ್ಯ ನನಗಿಲ್ಲ. ಮೂಗಿಗೆ ತಾಗಿದಂತೆ ಸಣ್ಣದೊಂದು ಗೆರೆಯಷ್ಟು ತೆಗೆದರೂ ಸಾಕು, ಅಥವಾ ಒಂಚೂರು ಸಿಲಿಕೋನ್ ಗ್ರೀಸ್ ಸವರಿಕೊಳ್ಳಿ.

ರೆಗ್ಯುಲೇಟರಿಗೆ ಹೋಸುಗಳನ್ನು ಯೂಟ್ಯೂಬ್ ನೋಡಿ ನೀವೇ ಜೋಡಿಸಬೇಡಿ. ತಿಳಿದವರ ಕೈಯಲ್ಲಿ ಜೋಡಿಸಿ, ಒತ್ತಡ ಅಳೆಸಿ ತನ್ನಿ. ಸಿಲಿಂಡರಿನ 200 ಬಾರ್ ಒತ್ತಡವನ್ನು ಫಸ್ಟ್ ಸ್ಟೇಜು ಸುಮಾರು 9–10 ಬಾರಿಗೆ ಇಳಿಸುತ್ತದೆ, ಅಲ್ಲಿಂದ ನಿಮ್ಮ ಬಾಯಿಗೆ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಕೊಡುವುದು ಸೆಕೆಂಡ್ ಸ್ಟೇಜು. ಈ ಇಳಿಕೆ ಹದ ತಪ್ಪಿದರೆ ಗಾಳಿ ಸೋರುತ್ತದೆ, ಇಲ್ಲವೇ ಎಳೆಯಲು ಕಷ್ಟವಾಗುತ್ತದೆ. ಮನೆಯಲ್ಲಿ ನೀವು ಮಾಡಬಹುದಾದ ಪರೀಕ್ಷೆ ಒಂದಿದೆ. ಸಿಲಿಂಡರಿಗೆ ಹಾಕದೆ, ಫಸ್ಟ್ ಸ್ಟೇಜಿನ ಧೂಳುಮುಚ್ಚಳ ಬಿಗಿದು, ಸೆಕೆಂಡ್ ಸ್ಟೇಜನ್ನು ಬಾಯಲ್ಲಿಟ್ಟು ಉಸಿರು ಎಳೆಯಿರಿ. ಗಾಳಿ ಬರಬಾರದು. ಬಂದರೆ ಎಲ್ಲೋ ಸಂದಿದೆ, ಕಡಲಲ್ಲಿ ಆ ಸಂದಿಯಿಂದ ನೀರು ಬರುತ್ತದೆ. ಆಕ್ಟೋಪಸ್ಸಿಗೂ, ಅಂದರೆ ಬಿಡಿ ಸೆಕೆಂಡ್ ಸ್ಟೇಜಿಗೂ, ಹಾಗೇ ಮಾಡಿ. ಮೌತ್‌ಪೀಸನ್ನು ಹಿಡಿದಿರುವ ಕೇಬಲ್ ಟೈ ಭದ್ರವಾಗಿದೆಯೇ ಎಂದು ಎಳೆದು ನೋಡಿ. ಅದು ಸಡಿಲವಿದ್ದರೆ ರೆಗ್ಯುಲೇಟರು ಕೈಗೆ ಬಂದು ಮೌತ್‌ಪೀಸು ಮಾತ್ರ ಹಲ್ಲಿನ ನಡುವೆ ಉಳಿಯುತ್ತದೆ.

ಇನ್ನೊಂದು ಮಾತು. ಯುರೋಪಿನಿಂದ ತರಿಸಿದ ರೆಗ್ಯುಲೇಟರು ಡಿನ್ ಮಾದರಿಯದಾಗಿರಬಹುದು, ಅಂದರೆ ವಾಲ್ವಿನೊಳಗೆ ತಿರುಗಿಸಿ ಕೂರಿಸುವಂಥದ್ದು. ನೀವು ಹೋಗುವ ಸೆಂಟರಿನ ಸಿಲಿಂಡರು ಕ್ಲ್ಯಾಂಪ್ ಹಾಕಿ ಬಿಗಿಯುವ ಯೋಕ್ ಮಾದರಿಯದಾದರೆ ಅಡಾಪ್ಟರ್ ಬೇಕು. ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಅಮೆರಿಕದಲ್ಲಿರುವ ಭಾವನೋ ತಮ್ಮನೋ ತಂದುಕೊಟ್ಟ ಡೈವ್ ಕಂಪ್ಯೂಟರಿನ ಕಥೆ ಬೇರೆ. ಅದು ಅಡಿಯಲ್ಲಿ ಆಳ ತೋರಿಸುತ್ತದೆ, ಗೇಜು ಪಿಎಸ್‌ಐಯಲ್ಲಿ ಒತ್ತಡ ತೋರಿಸುತ್ತದೆ. ಇಲ್ಲಿನ ಡೈವ್‌ಮಾಸ್ಟರ್ "50 ಬಾರಿಗೆ ಬಂದಾಗ ಹೇಳಿ" ಎಂದಿರುತ್ತಾರೆ. ನಿಮ್ಮ ಮುಳ್ಳು 700ರ ಹತ್ತಿರ ಇದ್ದಾಗ ಇನ್ನೂ ಬೇಕಾದಷ್ಟಿದೆ ಎಂದು ನೀವು ಆರಾಮಾಗಿರುತ್ತೀರಿ. ಆ 700 ಎಂದರೆ 50 ಬಾರಿಗೂ ಕಡಿಮೆ. ಕಂಪ್ಯೂಟರನ್ನು ಮೀಟರಿಗೂ ಬಾರಿಗೂ ಬದಲಿಸಿಕೊಳ್ಳಿ, ಮುಳ್ಳಿನ ಗೇಜಾದರೆ 50 ಬಾರ್ ಎಲ್ಲಿ ಬರುತ್ತದೋ ಅಲ್ಲಿಗೆ ಬಣ್ಣದ ಟೇಪಿನ ಗುರುತು ಹಚ್ಚಿ. ಇದಕ್ಕಿಂತ ದೊಡ್ಡ ಅಪಾಯ ನೈಟ್ರಾಕ್ಸಿನ, ಅಂದರೆ ಆಮ್ಲಜನಕ ಹೆಚ್ಚಿರುವ ಗಾಳಿಯ, ಸೆಟ್ಟಿಂಗು. ಅಂಗಡಿಯಲ್ಲಿ ಯಾರೋ ಒತ್ತಿ ನೋಡಿದಾಗ 32 ಎಂದು ಕೂತಿದ್ದು, ನೀವು ಉಸಿರಾಡುವುದು ಸಾಮಾನ್ಯ ಗಾಳಿಯಾದರೆ, ಮೈಯಲ್ಲಿ ಸೇರುತ್ತಿರುವ ಸಾರಜನಕವನ್ನು ಕಂಪ್ಯೂಟರು ಕಡಿಮೆ ಲೆಕ್ಕ ಹಾಕಿ ಇನ್ನಷ್ಟು ಹೊತ್ತು ಕೆಳಗಿರಬಹುದು ಎಂದು ಸುಳ್ಳು ಸಮಯ ತೋರಿಸುತ್ತದೆ. ಸಾಮಾನ್ಯ ಗಾಳಿಗೆ ಅದು 21 ಇರಬೇಕು. ಮ್ಯಾನ್ಯುಯಲ್ ಓದಲು ಒಂದು ಸಂಜೆ ಕೊಡಿ. ವೆಬ್‌ಸೀರೀಸಿಗೆ ಎಷ್ಟು ಸಂಜೆ ಕೊಟ್ಟಿಲ್ಲ?

ಈಗ ಪೂಲು. ನಿಮ್ಮ ಅಪಾರ್ಟ್‌ಮೆಂಟಿನ ಪೂಲಿನಲ್ಲಿ ಸಿಲಿಂಡರು ಇಳಿಸಲು ಬಿಡುವುದಿಲ್ಲ. ಟೈಲ್ಸ್ ಒಡೆಯುತ್ತದೆ ಎನ್ನುತ್ತಾರೆ, ಅದು ನಿಜವೂ ಹೌದು. ನೀವು ಕಲಿತ ಡೈವಿಂಗ್ ಶಾಲೆಯನ್ನೇ ಕೇಳಿ. ಅವರ ತರಬೇತಿ ನಡೆಯುವ ಹೊತ್ತಿನಲ್ಲಿ ಒಂದು ಮೂಲೆ, ಒಂದು ಸಿಲಿಂಡರು, ಕಣ್ಣಿಡಲು ಒಬ್ಬ ತರಬೇತುದಾರ ಸಿಕ್ಕರೆ ಸಾಕು. ಒಬ್ಬರೇ ಇಳಿಯಬೇಡಿ. ಸಿಲಿಂಡರಿನ ಗಾಳಿ ಉಸಿರಾಡುತ್ತಿರುವಾಗ ಪೂಲು ಕೂಡ ಆಟದ ಜಾಗವಲ್ಲ. ಉಸಿರು ತುಂಬಿ ಬಿಗಿಹಿಡಿದುಕೊಂಡರೆ ನಾಲ್ಕಡಿ ನೀರಿನಿಂದ ಮೇಲೆದ್ದರೂ ಶ್ವಾಸಕೋಶಕ್ಕೆ ಪೆಟ್ಟಾಗಬಹುದು.

ಊರಿನ ಬಾವಿ, ಕಲ್ಲುಕ್ವಾರಿ, ತೋಟದ ಕೃಷಿ ಹೊಂಡದಲ್ಲಿ ನೋಡೋಣವೇ ಎಂದು ಕೇಳುವವರಿದ್ದಾರೆ. ಬೇಡ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಇಳಿಜಾರು ಒದ್ದೆಯಾದ ಮೇಲೆ ಬರಿಗಾಲಲ್ಲೇ ಹತ್ತಲು ಬರುವುದಿಲ್ಲ. ಈಜು ಬಲ್ಲವರೂ ಅದರಲ್ಲಿ ಜೀವ ಕಳೆದುಕೊಂಡಿದ್ದಾರೆ. ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸ ಕಟ್ಟಿಕೊಂಡು ಹೇಗೆ ಹತ್ತುತ್ತೀರಿ? ಬಾವಿಯ ತಳದ ಕೆಸರು ಒಮ್ಮೆ ಎದ್ದರೆ ಕಣ್ಣ ಮುಂದಿನ ಗೇಜೂ ಕಾಣದು. ಹೊಸ ರೆಗ್ಯುಲೇಟರಿನ ವಾಲ್ವಿನೊಳಗೆ ಮರಳು ಹೊಕ್ಕರೆ ಅದೂ ಹಾಳು.

ಪೂಲಿನಲ್ಲಿ ಏನು ಮಾಡಬೇಕು? ಮೊದಲು ವೆಟ್‌ಸೂಟ್ ತೊಟ್ಟುನೋಡಿ. ಬಿಗಿಯಾದ ಹೊಸ ನಿಯೋಪ್ರೀನ್ ಒಳಗೆ ಕಾಲು ತೂರಿಸುವುದೇ ಒಂದು ಕಸರತ್ತು. ಪಾದಕ್ಕೆ ತೆಳುವಾದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೂರಿಸಿದರೆ ಸಲೀಸಾಗಿ ಜಾರುತ್ತದೆ. ಝಿಪ್ ಹಾಕಿದ ಮೇಲೆ ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದು ಸಿಲಿಂಡರಿನ ವಾಲ್ವು ಮುಟ್ಟಲು ಆಗುತ್ತದೆಯೇ ನೋಡಿ. ಕುತ್ತಿಗೆ ಹಿಸುಕಿದಂತಾದರೆ ಕಡಲಲ್ಲಿ ಅದನ್ನು ನೀವು ಉಸಿರುಗಟ್ಟುತ್ತಿದೆ ಎಂದೇ ತಿಳಿಯುತ್ತೀರಿ. ಫಿನ್‌ಗಳು ಹೊಸ ಚಪ್ಪಲಿಯಂತೆಯೇ ಕಚ್ಚುತ್ತವೆ. ಬೂಟಿ ಹಾಕುವ ಮಾದರಿಯದಾದರೆ ಬೂಟಿಯ ಸಮೇತ ಹಾಕಿ ಪೂಲಿನ ಉದ್ದಕ್ಕೂ ನಾಲ್ಕಾರು ಸುತ್ತು ಒದ್ದು ಬನ್ನಿ. ಮೀನಖಂಡ ಹಿಡಿದುಕೊಂಡರೆ ಅದು ಪೂಲಿನಲ್ಲೇ ಹಿಡಿಯಲಿ.

ಸಿಲಿಂಡರಿಗೆ ಜೋಡಿಸಿ ವಾಲ್ವು ತೆರೆಯುವಾಗ ಗೇಜಿನ ಮುಖವನ್ನು ಯಾರ ಕಡೆಗೂ ತಿರುಗಿಸಬೇಡಿ. ತೆರೆದ ಮೇಲೆ ಗೇಜು ನೋಡುತ್ತಾ ನಾಲ್ಕು ಬಾರಿ ದೀರ್ಘವಾಗಿ ಉಸಿರಾಡಿ. ಮುಳ್ಳು ಪ್ರತಿ ಉಸಿರಿಗೂ ಕುಸಿದು ಮೇಲೇಳುತ್ತಿದ್ದರೆ ವಾಲ್ವು ಪೂರ್ತಿ ತೆರೆದಿಲ್ಲ. ನೀರಿಗಿಳಿದು ಸುಮ್ಮನೆ ಮಂಡಿಯೂರಿ ಕೂತು, ಜೊತೆಗಾರರಿಗೆ ಹೋಸುಗಳ ಬುಡ ನೋಡಲು ಹೇಳಿ. ದಂಡೆಯ ಮೇಲೆ ಕೇಳಿಸದ ಸಣ್ಣ ಸೋರಿಕೆ ನೀರಿನಲ್ಲಿ ಗುಳ್ಳೆಗಳ ದಾರವಾಗಿ ಕಾಣುತ್ತದೆ. ಹೆಚ್ಚಿನ ಸಲ ಅದೊಂದು ಓ-ರಿಂಗಿನ ಸಮಸ್ಯೆ. ಅಂಡಮಾನಿನಲ್ಲಿ ಅದೇ ಅಳತೆಯ ರಿಂಗು ಸಿಗದಿದ್ದರೆ ರಜೆಯೆಲ್ಲ ಹಾಳು.

ಹೆಚ್ಚು ಹೊತ್ತು ಕೊಡಬೇಕಾದ್ದು ಬಿಸಿಡಿಗೆ. ಇನ್‌ಫ್ಲೇಟರಿನ ಎರಡೂ ಗುಂಡಿಗಳನ್ನು ಕಣ್ಣು ಮುಚ್ಚಿ ಒತ್ತಿ. ಗುಂಡಿಯ ಬದಲು ಎಡಪಕ್ಕೆಯಲ್ಲಿ ಲಿವರ್ ಇರುವ ಮಾದರಿಗಳೂ ಇವೆ. ಕೈ ಹುಡುಕದೆ ಅಲ್ಲಿಗೇ ಹೋಗುವವರೆಗೆ ಬಿಡಬೇಡಿ. ಭುಜದ ಡಂಪು, ಬೆನ್ನ ಕೆಳಗಿನ ಡಂಪು ಎಲ್ಲಿವೆ? ಬಾಯಿಂದ ಊದಿ ತುಂಬಲು ಬರುತ್ತದೆಯೇ? ಗುಂಡಿ ಸಿಕ್ಕಿಕೊಂಡು ಗಾಳಿ ತಾನಾಗಿ ತುಂಬತೊಡಗಿದರೆ ಹೋಸನ್ನು ಕೀಳಬೇಕು. ಹೊಸ ಜೋಡಣೆ ಬಿಗಿಯಾಗಿರುತ್ತದೆ, ಗ್ಲೌಸ್ ಹಾಕಿದ್ದರಂತೂ ಕೈ ಜಾರುತ್ತದೆ. ಅದನ್ನು ಹಾಕಿ ತೆಗೆದು ರೂಢಿ ಮಾಡಿಕೊಳ್ಳಿ. ಬಾಡಿಗೆಯದು ಜಾಕೆಟ್ ಮಾದರಿಯಾಗಿದ್ದು, ನೀವು ಕೊಂಡದ್ದು ಬೆನ್ನಲ್ಲಿ ಮಾತ್ರ ಗಾಳಿ ತುಂಬುವ ಮಾದರಿಯಾದರೆ ನೀರ ಮೇಲೆ ಅದು ನಿಮ್ಮನ್ನು ಮುಂದಕ್ಕೆ, ಮುಖ ನೀರಿಗೆ ಒತ್ತಿದಂತೆ ತಳ್ಳಬಹುದು. ಗಾಳಿ ಸ್ವಲ್ಪ ಕಡಿಮೆ ತುಂಬಿ, ಹಿಂದಕ್ಕೆ ಒರಗಿದರೆ ಸರಿಹೋಗುತ್ತದೆ. ಅಲೆಯ ನಡುವೆ ಬೋಟಿಗಾಗಿ ಕಾಯುತ್ತಿರುವಾಗ ಇದನ್ನು ಕಂಡುಹಿಡಿಯುವುದಕ್ಕಿಂತ ಪೂಲಿನಲ್ಲಿ ಕಂಡುಕೊಳ್ಳುವುದು ಸುಖ. ತೂಕದ ಜೇಬುಗಳನ್ನು ಹಾಕಿದಾಗ ಕ್ಲಿಕ್ ಎಂದು ಕೇಳಿಸಬೇಕು. ಅರ್ಧ ಕೂತ ಜೇಬು ಬೋಟಿನಿಂದ ಹಾರಿದ ಕೂಡಲೇ ಕಳಚಿ ತಳ ಸೇರುತ್ತದೆ. ಸೀಸ ಹೋಯಿತೆಂದರೆ ನೀವು ಕೆಳಗಿಳಿಯಲಾರಿರಿ.

ತೂಕದ ಲೆಕ್ಕ ಮಾತ್ರ ಪೂಲಿನಲ್ಲಿ ಪೂರ್ತಿ ಸಿಗುವುದಿಲ್ಲ, ಅದನ್ನು ತಿಳಿದೇ ಅಳೆಯಿರಿ. ಬಿಸಿಡಿಯ ಗಾಳಿ ಎಲ್ಲ ಬಿಟ್ಟು, ಮಾಮೂಲಿ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ಹೊಸ ವೆಟ್‌ಸೂಟು ಹಳೆಯದಕ್ಕಿಂತ ಹೆಚ್ಚು ತೇಲಿಸುತ್ತದೆ. ಪೂಲಿನ ಸಿಹಿನೀರಿಗಿಂತ ಸಮುದ್ರದ ಉಪ್ಪುನೀರು ಶೇಕಡ 2.5ರಷ್ಟು ಭಾರ. ನೀವೂ ಗೇರೂ ಸೇರಿ 100 ಕಿಲೋ ಆದರೆ ಕಡಲಲ್ಲಿ ಹೆಚ್ಚುಕಡಿಮೆ ಎರಡೂವರೆ ಕಿಲೋ ಸೀಸ ಹೆಚ್ಚು ಬೇಕು. ಗಾಳಿಗೂ ತೂಕವಿದೆ. 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರಿಗೆ 200 ಬಾರ್ ತುಂಬಿದರೆ ಒಳಗೆ ಸುಮಾರು 2200 ಲೀಟರ್ ಗಾಳಿ, ಅಂದರೆ ಎರಡೂವರೆ ಕಿಲೋಗೂ ಮೇಲೆ. ಡೈವಿನ ಕೊನೆಗೆ ಅದರ ಬಹುಪಾಲು ಖರ್ಚಾಗಿ ಸಿಲಿಂಡರೇ ತೇಲತೊಡಗುತ್ತದೆ. ಹಾಗಾಗಿ ತುಂಬಿದ ಸಿಲಿಂಡರಿನಲ್ಲಿ ಅಳೆದಿದ್ದರೆ ಇನ್ನೆರಡು ಕಿಲೋ ಸೇರಿಸಿಕೊಳ್ಳಿ. ಈ ಅಂದಾಜನ್ನು ಬರೆದಿಟ್ಟುಕೊಂಡು ಹೋಗಿ, ಮೊದಲ ದಿನ ಕಡಲಲ್ಲಿ ಮತ್ತೊಮ್ಮೆ ಸರಿಮಾಡಿಕೊಳ್ಳಿ. ಬೋಟಿನಲ್ಲಿ "ನನಗೆಷ್ಟು ಹಾಕಲಿ?" ಎಂದು ಕೇಳಿದರೆ ಅವರು ಸುರಕ್ಷಿತ ಎಂದು ಹೆಚ್ಚೇ ಹಾಕುತ್ತಾರೆ. ಹೆಚ್ಚಾದ ಸೀಸಕ್ಕೆ ಸರಿದೂಗಿಸಲು ಬಿಸಿಡಿಗೆ ಹೆಚ್ಚು ಗಾಳಿ, ಆ ಗಾಳಿ ಆಳ ಬದಲಾದಂತೆ ಹಿಗ್ಗಿ ಕುಗ್ಗಿ ನಿಮ್ಮನ್ನು ಮೇಲೆ ಕೆಳಗೆ ಎಸೆಯುತ್ತದೆ. ಹವಳದ ಮೇಲೆ ಮಂಡಿಯೂರುವವರಲ್ಲಿ ಬಹಳ ಮಂದಿ ಹೀಗೆ ಸೀಸ ಹೆಚ್ಚಾದವರು.

ಪೂಲಿನಿಂದ ಬಂದ ಮೇಲೆ ಕ್ಲೋರಿನ್ ಹೋಗುವಂತೆ ಎಲ್ಲವನ್ನೂ ಸಿಹಿನೀರಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸಿ. ರೆಗ್ಯುಲೇಟರ್ ಅದ್ದುವಾಗ ಧೂಳುಮುಚ್ಚಳ ಬಿಗಿಯಾಗಿರಲಿ, ಪರ್ಜ್ ಗುಂಡಿ ಒತ್ತಬೇಡಿ, ಹೋಸಿನೊಳಗೆ ನೀರು ಹೋಗುತ್ತದೆ. ಅಂಡಮಾನಿನ ವಿಮಾನಕ್ಕೆ ರೆಗ್ಯುಲೇಟರು, ಮಾಸ್ಕು, ಕಂಪ್ಯೂಟರು ಕೈಚೀಲದಲ್ಲಿ. ಚೂರಿ ಚೆಕ್-ಇನ್ ಸೂಟ್‌ಕೇಸಿನಲ್ಲಿ. ಟಾರ್ಚಿನ ಲಿಥಿಯಂ ಬ್ಯಾಟರಿ ಕಳಚಿ ಕೈಚೀಲದಲ್ಲೇ. ವಾಪಸು ಬರುವಾಗ ಕೊನೆಯ ಡೈವಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಇರುವಂತೆ ಟಿಕೆಟ್ ನೋಡಿಕೊಳ್ಳಿ.

ನಿಮ್ಮಲ್ಲಿ ಕೆಲವರು, ನನ್ನ ಗೇರು, ನನ್ನ ದುಡ್ಡು, ಕೆಟ್ಟರೆ ನನಗೆ ನಷ್ಟ, ಇವನಿಗೇನು ಎನ್ನಬಹುದು. ಡೈವ್‌ಮಾಸ್ಟರಿಗಿರುವುದು ಎರಡೇ ಕಣ್ಣು. ಪ್ರವಾಹ ಎತ್ತ ಹರಿಯುತ್ತಿದೆ, ಯಾರ ಗಾಳಿ ಎಷ್ಟಿದೆ, ಕೊನೆಯವರು ಎಷ್ಟು ಹಿಂದೆ ಉಳಿದರು ಎಂದು ಅವರು ನೋಡುತ್ತಿರಬೇಕು. ನಿಮ್ಮ ಹೊಸ ಗುಂಡಿ ಅವರ ಕಣ್ಣನ್ನು ಪೂರ್ತಿ ಕಟ್ಟಿಹಾಕಿದ ಐದು ನಿಮಿಷದಲ್ಲಿ ಗುಂಪಿನ ಇನ್ನೊಬ್ಬ, ಬಾಡಿಗೆ ಗೇರಿನ, ಮೊದಲ ಸಲದ ಹುಡುಗಿಗೆ ತೊಂದರೆಯಾದರೆ ಯಾರೂ ನೋಡಿರುವುದಿಲ್ಲ. ನಿಮ್ಮ ಗೇರು ಬೋಟು ಹತ್ತಿತೆಂದರೆ ಅದು ಎಲ್ಲರ ವಿಷಯ.

ಡೈವ್ ಸೆಂಟರು ನಡೆಸುವವರಲ್ಲಿಯೂ ಒಂದು ಕೋರಿಕೆ. ಗೇರು ಮಾರುವಾಗ ಬಿಲ್ಲಿನ ಜೊತೆಗೇ ಒಂದು ಪೂಲ್ ಸಂಜೆಯನ್ನೂ ಸೇರಿಸಿ ಮಾರಿ. ಅದಕ್ಕೆ ಬೇಕಾದರೆ ಹಣ ತೆಗೆದುಕೊಳ್ಳಿ, ಕೊಡುತ್ತೇವೆ.

ಇಷ್ಟಕ್ಕೆಲ್ಲ ಸಮಯ ಇಲ್ಲ, ಪ್ರವಾಸ ಮುಂದಿನ ವಾರವೇ ಎನ್ನುವವರು ಮಾಸ್ಕು ಮಾತ್ರ ಚೆನ್ನಾಗಿ ತಿಕ್ಕಿ ಒಯ್ಯಿರಿ. ಉಳಿದದ್ದು ಮನೆಯಲ್ಲಿರಲಿ, ಈ ಸಲವೂ ಬಾಡಿಗೆಗೇ ತೆಗೆದುಕೊಳ್ಳಿ. ಸಮಯ ಇರುವವರು ಹೊಸದನ್ನೆಲ್ಲ ಒಟ್ಟಿಗೆ ಕಡಲಿಗೆ ಒಯ್ಯದೆ, ಪೂಲಿನಲ್ಲಿ ಕೈಗೊಗ್ಗಿದ್ದನ್ನಷ್ಟೇ ಒಯ್ಯಿರಿ. ಸೀಸನ್ ಶುರುವಾದ ಮೇಲೆ ತರಬೇತಿ ಗುಂಪುಗಳಿಂದ ಪೂಲು ತುಂಬಿರುತ್ತದೆ, ಶನಿವಾರ ಭಾನುವಾರ ಜಾಗ ಸಿಗುವುದಿಲ್ಲ. ಈ ವಾರವೇ ಫೋನ್ ಮಾಡಿ ವಾರದ ನಡುವಿನ ಒಂದು ಸಂಜೆ ಕಾದಿರಿಸಿ.

ಇತಿ,
ಗುಂಪಿನ ಹಿಂದೆ ಈಜುವ ನಿಮ್ಮ ಗೆಳೆಯ